ಆರ್ಚ್‌ಬಿಷಪ್ಪನ ಪಾದ, ಮೇಷ್ಟ್ರ ಶಾಲು

ಮನೆಗೆ ಬಂದ ನೆಂಟರು ಊಟವಾದ ಮೇಲೆ ದೆವ್ವದ ಕಥೆ ಶುರು ಮಾಡಿದರೆ ಎದ್ದು ಪಾತ್ರೆ ತೊಳೆಯಲು ಹೋಗುವವಳು ನಾನು. ವೃತ್ತಿಯಿಂದ ಡಾಕ್ಟರು. ಮೈಮೇಲೆ ದೇವರು ಬಂತು ಎಂದವರಿಗೆ ಸಕ್ಕರೆ ಪರೀಕ್ಷೆ ಮಾಡಿಸಿ ಎಂದಿದ್ದೇನೆ. ಸತ್ತ ಮಾವ ಬಂದು ಎದೆಯ ಮೇಲೆ ಕೂತಿದ್ದರು ಎಂದವರನ್ನು ನಿದ್ದೆಯ ತಜ್ಞರ ಬಳಿಗೆ ಕಳಿಸಿದ್ದೇನೆ. ಅಂಥವಳು ಈಗ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆಂದರೆ ನನಗೇ ನಗು ಬರುತ್ತದೆ. ನೀವೂ ನಗುವುದಾದರೆ ನಗಿ. ನನ್ನ ಕೈಯಾರೆ ಮುಟ್ಟಿ ನೋಡಿದ್ದನ್ನು ಮಾತ್ರ ಹೇಳುತ್ತೇನೆ. ಮತ್ತೆ ಇದರಲ್ಲಿ ದೆವ್ವಕ್ಕಿಂತ ಮನುಷ್ಯರದ್ದೇ ಕಾಟ ಜಾಸ್ತಿ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಾವಿರುವುದು ಪರದೇಶದಲ್ಲಿ, ಮನೆ ಪ್ಲೆಸೆಂಟನ್‌ನಲ್ಲಿ. ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದವರು ಇದ್ದದ್ದು ಹತ್ತಿರದ ಕ್ಯಾಂಪ್‌ಬೆಲ್‌ನಲ್ಲಿ, ಮಗಳ ಜೊತೆ. ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲೆಂಡಿನ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಇಲ್ಲಿಗೆ ಬಂದ ಹಿರಿಯರೆಲ್ಲ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಮೊಮ್ಮಕ್ಕಳ ಸ್ಕೂಲು ಬಿಡುವುದನ್ನು ಕಾಯುತ್ತಾರಲ್ಲ, ಇವರು ಹಾಗಲ್ಲ. ಬಂದ ವರ್ಷವೇ ಮಗಳ ಕಾರನ್ನು ಗರಾಜಿನಿಂದ ಹೊರಗೆ ಹಾಕಿಸಿ ಅಲ್ಲೊಂದು ನಾಟಕದ ತಂಡ ಕಟ್ಟಿದರು. ಶನಿವಾರ ಬಂತೆಂದರೆ ಸಾಕು, ಇಡೀ ಬೇ ಏರಿಯಾದ ನಾಟಕದ ಹುಚ್ಚರೆಲ್ಲ ಫ್ರೀವೇಯ ಟ್ರಾಫಿಕ್ಕನ್ನು ಬೈದುಕೊಳ್ಳುತ್ತ ಆ ಗರಾಜಿಗೆ ಬಂದು ಸೇರುತ್ತಿದ್ದೆವು. ಕಾಫಿ, ಚುರುಮುರಿ, ಬೈಗುಳ ಎಲ್ಲವೂ ಧಾರಾಳವಾಗಿ ಸಿಗುತ್ತಿತ್ತು.

ವರ್ಷವರ್ಷವೂ ಬೇರೆಯವರ ನಾಟಕಗಳನ್ನೇ ಆಡಿಸುತ್ತಿದ್ದ ಮೇಷ್ಟ್ರು ಕೊನೆಗಾಲದಲ್ಲಿ ತಾವೇ ಒಂದನ್ನು ಬರೆದರು. ಅದು ಒಬ್ಬ ಆರ್ಚ್‌ಬಿಷಪ್ಪನ ಕಥೆ. ಸಾವಿರ ವರ್ಷಕ್ಕೂ ಹಿಂದೆ, ಇಂಗ್ಲೆಂಡನ್ನು ಇನ್ನೂ ಆಂಗ್ಲೋ ಸ್ಯಾಕ್ಸನ್ ರಾಜರು ಆಳುತ್ತಿದ್ದ ಕಾಲ. ಅಲ್ಲಿನ ಚರ್ಚಿಗೆಲ್ಲ ಹಿರಿಯನಾಗಿದ್ದ ಒಬ್ಬ ಕಟ್ಟುನಿಟ್ಟಿನ ಮುದುಕ ಆರ್ಚ್‌ಬಿಷಪ್ ತೀರಿಕೊಳ್ಳುತ್ತಾನೆ. ಆ ಪೀಠದ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ ಇನ್ನೊಬ್ಬ ಅವರಿವರನ್ನು ಹಿಡಿದು ಅದನ್ನು ಗಿಟ್ಟಿಸುತ್ತಾನೆ. ಗಿಟ್ಟಿಸಿದ ದಿನವೇ ಹಳಬನ ಸಮಾಧಿಯ ಮೇಲೆ ನಿಂತು, ಕಾಲಿನಿಂದ ತುಳಿದು, ಕೋಲಿನಿಂದ ಕುಟ್ಟಿ, ಕೊನೆಗೂ ತೊಲಗಿದೆಯಲ್ಲ ಎಂದು ಮೂದಲಿಸುತ್ತಾನೆ. ಆದರೆ ರೋಮಿಗೆ ಹೋಗಿ ಪೋಪರ ಕೈಯಿಂದ ಒಂದು ಉಣ್ಣೆಯ ಪಟ್ಟಿಯನ್ನು ಹೆಗಲಿಗೆ ಹಾಕಿಸಿಕೊಳ್ಳದೆ ಆರ್ಚ್‌ಬಿಷಪ್ ಪದವಿ ಪೂರ್ತಿಯಾಗುವುದಿಲ್ಲ. ಅದಕ್ಕೆಂದು ಹೊರಟವನು ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಮೊದಲು ಮರಗಟ್ಟುವುದು ಸಮಾಧಿ ತುಳಿದ ಆ ಪಾದಗಳೇ. ಕುದುರೆಗಳನ್ನು ಕೊಲ್ಲಿಸಿ, ಅವುಗಳ ಬಿಸಿ ಹೊಟ್ಟೆಯೊಳಗೆ ಕಾಲಿಟ್ಟುಕೊಂಡರೂ ಪಾದ ಬೆಚ್ಚಗಾಗದೆ ಸಾಯುತ್ತಾನೆ.

"ಇದೆಲ್ಲ ನಿಜವಾಗ್ಲೂ ನಡೀತಾ ಮೇಷ್ಟ್ರೇ?" ಎಂದು ಕೇಳಿದ್ದೆ.

"ಚಳಿಗೆ ಸತ್ತಿದ್ದು ನಿಜ ಕಣಮ್ಮ. ಮಿಕ್ಕಿದ್ದು ಆಗದವ್ರು ಸೇರಿಸಿದ್ದೂ ಇರಬಹುದು," ಎಂದು ನಕ್ಕಿದ್ದರು. ಉಣ್ಣೆಯ ಪಟ್ಟಿಯ ಪ್ರಸಂಗ ಬಂದಾಗಲೆಲ್ಲ ಅವರಿಗೆ ಬಲು ಖುಷಿ. "ನೋಡು, ಅವ್ರದ್ದೂ ನಮ್ಮ ಥರಾನೇ. ಶಾಲು ಹೊದಿಸೋವರೆಗೂ ಯಾರೂ ದೊಡ್ಡೋರಾಗಲ್ಲ!"

ಮೇಷ್ಟ್ರಿಗೂ ಒಂದು ಶಾಲು ಇತ್ತು. ಕನ್ನಡ ಸಂಘದವರು ಸನ್ಮಾನ ಮಾಡಿ ಹೊದಿಸಿದ್ದು, ಮೆರೂನ್ ಬಣ್ಣದ, ಜರಿ ಅಂಚಿನ ತೆಳು ಶಾಲು. ಅವರು ಅದನ್ನು ಮನೆಯಲ್ಲಿಟ್ಟುಕೊಳ್ಳದೆ ತಂಡದ ಪೆಟ್ಟಿಗೆಗೆ ಹಾಕಿದ್ದರು. ತಾಲೀಮಿನಲ್ಲಿ ಸಮಾಧಿ ಬೇಕಾದಾಗ ಗರಾಜಿನ ನೆಲದ ಮೇಲೆ ಅದನ್ನೇ ಹಾಸುತ್ತಿದ್ದೆವು.

ಹೊಸ ಆರ್ಚ್‌ಬಿಷಪ್ಪನ ಪಾತ್ರ ವಸಂತನದು. ಸಮಾಧಿ ತುಳಿಯುವ ದೃಶ್ಯ ಮುಗಿದ ಕೂಡಲೇ ಅವನು ರಂಗದ ಪಕ್ಕದ ಮರೆಗೆ ಬಂದು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಇದು ಮೇಷ್ಟ್ರ ಕಟ್ಟಪ್ಪಣೆ. ಪುಸ್ತಕಕ್ಕೋ ಮನುಷ್ಯರಿಗೋ ಕಾಲು ತಾಗಿದರೆ ನಾವು ಮಾಡುವುದಿಲ್ಲವೇ, ಹಾಗೆ. ರಂಗದ ಮೇಲೆ ಚಪ್ಪಲಿ, ಶೂ ಯಾವುದೂ ಕೂಡದು ಎಂಬುದು ಇನ್ನೊಂದು ನಿಯಮ. ಬರೀ ತಾಲೀಮಿಗೆಲ್ಲ ಇದು ಯಾಕೆ ಎಂದು ಒಮ್ಮೆ ವಸಂತ ಗೊಣಗಿದ್ದಕ್ಕೆ ಮೇಷ್ಟ್ರು ಹೇಳಿದ ಮಾತು ನನಗೆ ಈಗಲೂ ನೆನಪಿದೆ. "ಪಾತ್ರ ತುಳೀಲಿ. ನೀನು ತುಳೀಬೇಡ."

ವಸಂತನ ಬಗ್ಗೆ ಹೇಳಬೇಕು. ಹೇಳದೆ ಇದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ಮಂಡ್ಯದ ಕಡೆಯವನು, ಪಾಲೋ ಆಲ್ಟೋದಲ್ಲಿ ಕೆಲಸ. ಒಂಟಿಯಾಗಿ ಬಂದ ಹೊಸತರಲ್ಲಿ ವಾರದ ಕೊನೆಗೆ ನಮ್ಮ ಮನೆಯಲ್ಲೇ ಊಟ. ನನ್ನನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದ. ನನಗೆ ಒಡಹುಟ್ಟಿದವರಿಲ್ಲ, ಹಾಗಾಗಿ ಆ ಮಾತನ್ನು ನಾನು ನಿಜವೆಂದೇ ನಂಬಿದ್ದೆ. ಅವನ ಹೆಂಡತಿಯ ಬಾಣಂತನಕ್ಕೆ ಊರಿನಿಂದ ಯಾರೂ ಬರಲಾಗದೆ ಹೋದಾಗ ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿಪುಡಿ ಮಾಡಿಕೊಂಡು ಹೋಗಿ ಮಗುವಿಗೆ ಎಣ್ಣೆ ನೀರು ಹಾಕಿದವಳು ನಾನು. ಮೇಷ್ಟ್ರ ತಂಡಕ್ಕೆ ಅವನನ್ನು ಕರೆದುಕೊಂಡು ಹೋದವಳೂ ನಾನೇ. ರಂಗದ ಮೇಲೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ತುರುಕಿಕೊಳ್ಳುತ್ತಿದ್ದವನನ್ನು ಮೇಷ್ಟ್ರು ತಿದ್ದಿ ತೀಡಿ ನಟನನ್ನಾಗಿ ಮಾಡಿದರು.

ನಾಟಕ ರಂಗಕ್ಕೆ ಬರುವ ಮೊದಲೇ ಮೇಷ್ಟ್ರು ಹಾಸಿಗೆ ಹಿಡಿದರು. ನೋಡಲು ಹೋದಾಗಲೆಲ್ಲ ನನ್ನೊಡನೆ ಅದೇ ಮಾತು. "ಡಾಕ್ಟ್ರಮ್ಮ, ಇಷ್ಟು ವರ್ಷ ಬೇರೆಯವ್ರು ಬರ್ದಿದ್ದನ್ನ ಆಡ್ಸಿದೆ. ಇದೊಂದೇ ನಂದು. ಇದೊಂದು ಮಾತ್ರ ನನ್ನ ಹೆಸರಲ್ಲಿ ಆಗ್ಬೇಕು ಕಣಮ್ಮ." ಆಗುತ್ತದೆ ಮೇಷ್ಟ್ರೇ, ನನ್ನ ಮೇಲೆ ಬಿಡಿ ಎಂದೆ. ಅವರ ಕೈ ಹಿಡಿದುಕೊಂಡು ಹೇಳಿದ ಮಾತು ಅದು. ಅವರು ಹೇಳುತ್ತಾ ಹೋದಂತೆ ನಾಟಕವನ್ನು ಪೂರ್ತಿ ಟೈಪ್ ಮಾಡಿದ್ದು ನಾನು. ಮುಖ್ಯ ಪಾತ್ರಧಾರಿಯಲ್ಲವೇ ಎಂದು ವಸಂತನಿಗೆ ಒಂದು ಪ್ರತಿ ಕಳಿಸಿದ್ದೂ ನಾನೇ. ಅದಾದ ಕೆಲವೇ ದಿನಕ್ಕೆ ಮೇಷ್ಟ್ರು ಹೋಗಿಬಿಟ್ಟರು.

ಸೂತಕವೆಲ್ಲ ಕಳೆದು, ಇನ್ನು ತಾಲೀಮು ಶುರು ಮಾಡೋಣವೆಂದು ನಾನು ಯೋಚಿಸುತ್ತಿದ್ದ ಹೊತ್ತಿಗೆ ಯಾರೋ ಪರಿಚಯದವರು ನನ್ನ ಫೋನಿಗೆ ನಾಟಕದ ಪೋಸ್ಟರ್ ಕಳಿಸಿ ಶುಭಾಶಯ ಹೇಳಿದರು. ನೋಡಿದರೆ, ಅದೇ ಆರ್ಚ್‌ಬಿಷಪ್ಪನ ನಾಟಕ. ರಚನೆ, ನಿರ್ದೇಶನ ವಸಂತ. ಮೇಷ್ಟ್ರ ಹೆಸರು ಎಲ್ಲೂ ಇರಲಿಲ್ಲ. ಫೋನನ್ನು ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದೆ. ಸಮೋಸಾ ಮಾರುವ ಅಂಗಡಿಯ ಹೆಸರೂ ಇತ್ತು, ಅವರದ್ದಿರಲಿಲ್ಲ.

ಅವನಿಗೇ ಫೋನ್ ಮಾಡಿದೆ.

"ಅಕ್ಕಾ, ನಾನೇ ಹೇಳ್ಬೇಕು ಅಂತಿದ್ದೆ. ಅದನ್ನ ಅರ್ಧಕ್ಕರ್ಧ ಚೇಂಜ್ ಮಾಡಿದೀನಿ. ಟೆಕ್ನಿಕಲಿ ಇದು ಬೇರೇನೇ ಸ್ಕ್ರಿಪ್ಟು."

"ಮೇಷ್ಟ್ರ ಹೆಸರೆಲ್ಲಪ್ಪಾ?"

"ಕೊನೇಲಿ ಥ್ಯಾಂಕ್ಸ್ ಹೇಳ್ತೀವಲ್ಲ ಅಕ್ಕ. ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ಲಾ?"

ಆಮೇಲೆ ಮಾಡಲಿಲ್ಲ. ಸಂಘದವರಿಗೆ ಹೇಳಿದೆ. ಹಾಲ್ ಬುಕ್ ಆಗಿದೆ, ಟಿಕೆಟ್ ಹೋಗಿವೆ, ಈಗ ಗಲಾಟೆ ಬೇಡ ಮೇಡಂ ಎಂದರು. ಮೇಷ್ಟ್ರ ಮಗಳು ಅಳುತ್ತಲೇ, "ಬಿಟ್ಬಿಡಿ ಅಕ್ಕ, ಅಪ್ಪ ಇದ್ದಿದ್ರೆ ಅವ್ನ ಮೇಲೆ ಕೋಪ ಮಾಡ್ಕೋತಿರ್ಲಿಲ್ಲ," ಎಂದಳು. ನನ್ನ ಮಗಳಂತೂ "ಅಮ್ಮಾ, ಇಟ್ಸ್ ಜಸ್ಟ್ ಎ ಪ್ಲೇ," ಎಂದು ರೂಮಿನ ಬಾಗಿಲು ಹಾಕಿಕೊಂಡಳು. ಇದಕ್ಕೆಲ್ಲ ಕಳಶವಿಟ್ಟ ಹಾಗೆ, ನನ್ನನ್ನು ಬಿಟ್ಟು ತಂಡದವರು ಮಾಡಿಕೊಂಡಿದ್ದ ಹೊಸ ವಾಟ್ಸಾಪ್ ಗುಂಪಿನಲ್ಲಿ ನನ್ನ ಗಂಡನೂ ಇದ್ದಾರೆಂದು ತಿಳಿಯಿತು. ತಂಡದ ಲೈಟಿಂಗ್ ಅವರದ್ದೇ.

"ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣೆ," ಎಂದರು.

ಬೇಜಾರು! ಒಂದೇ ಮಂಚದಲ್ಲಿ ಮಲಗಿ, ನನಗೆ ಬೆನ್ನು ಹಾಕಿಕೊಂಡು, ಆ ಗುಂಪಿನಲ್ಲಿ ಭೇಷ್ ಎಂದು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು ಈ ಮಹಾರಾಯರು. ನನಗೆ ಆಗ ಆದದ್ದು ಕೋಪವೂ ಅಲ್ಲ. ನಾನು ನಂಬಿದವರೆಲ್ಲ ಒಂದು ಕಡೆ ಸೇರಿಕೊಂಡು ನನ್ನನ್ನು ಮೂರ್ಖಳನ್ನಾಗಿ ಮಾಡಿದರಲ್ಲ ಎಂಬ ಅವಮಾನ. ಮೇಷ್ಟ್ರಿಗೆ ಕೊಟ್ಟ ಮಾತು ಹಾಗೇ ಉಳಿದಿತ್ತು. ಎಷ್ಟೋ ದಿನ ನಾನು ಮನೆಯಲ್ಲಿ ಊಟಕ್ಕೆ ಬನ್ನಿ ಎನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ.

ಆದರೂ ನಾಟಕಕ್ಕೆ ಹೋದೆ. ಕೊನೆಯಲ್ಲಿ ಥ್ಯಾಂಕ್ಸ್ ಹೇಳುತ್ತೇವೆ ಎಂದಿದ್ದನಲ್ಲ, ಅದನ್ನಾದರೂ ಕೇಳಿ ಬರೋಣ ಎಂದು. ಒಂದು ಹೈಸ್ಕೂಲಿನ ಥಿಯೇಟರು, ಶನಿವಾರ ಮಧ್ಯಾಹ್ನದ ಪ್ರದರ್ಶನ. ಹೊರಗೆ ಸುಡುಸುಡು ಬಿಸಿಲು. ಪಾರ್ಕಿಂಗಿನಿಂದ ಬಾಗಿಲಿನವರೆಗೆ ನಡೆಯುವಷ್ಟರಲ್ಲಿ ಸೀರೆ ಬೆವರಿಗೆ ಅಂಟಿಕೊಂಡಿತ್ತು. ಒಳಗೂ ಏಸಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಜನ ಕರಪತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹಿಂದಿನ ಸಾಲಿನ ತುದಿಯಲ್ಲಿ ಕೂತೆ.

ಪರದೆ ಸರಿಯಿತು. ರಂಗದ ನಡುವೆ ಮರದ ಸಮಾಧಿ, ಅದರ ಮೇಲೆ ಮೇಷ್ಟ್ರ ಶಾಲು ಹಾಸಿತ್ತು. ಮೆರೂನ್ ಬಣ್ಣ, ಜರಿ ಅಂಚು. ತಾಲೀಮಿನಲ್ಲಿ ಅವರು ಬದುಕಿದ್ದಾಗ ಹಾಸುತ್ತಿದ್ದದ್ದು ಬೇರೆ. ಸತ್ತ ಮನುಷ್ಯನ ಸನ್ಮಾನದ ಶಾಲನ್ನು ಸಮಾಧಿಗೆ ಹೊದಿಸಬಾರದು ಎಂದು ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಪೆಟ್ಟಿಗೆಯಲ್ಲಿತ್ತು, ತೆಗೆದು ಹಾಸಿದ್ದಾರೆ, ಅಷ್ಟೇ. ವಸಂತ ಬಂದ. ಕಾಲಿಗೆ ಎಲ್ಲಿಂದಲೋ ಬಾಡಿಗೆಗೆ ತಂದ ದಪ್ಪ ಬೂಟುಗಳು. ಆ ಬೂಟುಗಾಲಿನಲ್ಲೇ ಶಾಲಿನ ಮೇಲೆ ಹತ್ತಿ ನಿಂತು, ದಬದಬನೆ ತುಳಿದು, ಕೋಲು ಕುಟ್ಟಿ, ಮೇಷ್ಟ್ರೇ ಬರೆದ ಮಾತುಗಳನ್ನು ಮೇಷ್ಟ್ರೇ ಕಲಿಸಿದ ದನಿಯಲ್ಲಿ ಕೂಗಿದ. ಅರ್ಧಕ್ಕರ್ಧ ಬದಲಾಯಿಸಿದ್ದನಂತೆ! ಒಂದು ಅಕ್ಷರವೂ ಬದಲಾಗಿರಲಿಲ್ಲ.

ನಾನು ಕೂತಲ್ಲಿಂದ ಪಕ್ಕದ ಮರೆ ಚೆನ್ನಾಗಿ ಕಾಣುತ್ತಿತ್ತು. ದೃಶ್ಯ ಮುಗಿಸಿ ಅಲ್ಲಿಗೆ ಹೋದವನು ಬಗ್ಗಲಿಲ್ಲ, ಮುಟ್ಟಲಿಲ್ಲ, ಕಣ್ಣಿಗೊತ್ತಿಕೊಳ್ಳಲಿಲ್ಲ. ನೀರಿನ ಬಾಟಲು ಎತ್ತಿ ಗಟಗಟ ಕುಡಿದ. ಕತ್ತಲಲ್ಲಿ ನನ್ನ ಕೈಗಳೇ ತಾವಾಗಿ ನೆಲಕ್ಕೆ ಹೋಗಿ, ಅಲ್ಲಿಂದ ನನ್ನ ಕಣ್ಣಿಗೆ ಬಂದವು. ಅವನ ಪರವಾಗಿ ಮಾಡಿದೆನೋ, ಮೇಷ್ಟ್ರಿಗಾಗಿ ಮಾಡಿದೆನೋ ನನಗೆ ಗೊತ್ತಿಲ್ಲ. ಪಕ್ಕದಲ್ಲಿದ್ದಾಕೆ ಏನಾದರೂ ಬಿತ್ತಾ ಎಂದು ಕೇಳಿದರು.

ಕೊನೆಯ ದೃಶ್ಯದಲ್ಲಿ ಅವನ ಅಭಿನಯ ಅದ್ಭುತವಾಗಿತ್ತು, ಸುಳ್ಳು ಹೇಳಬಾರದು. ಬಿಳಿ ಬಟ್ಟೆಯ ಹಿಮದಲ್ಲಿ ಕಾಲನ್ನು ಎಳೆದುಕೊಂಡು ಬಂದ. ಹಲ್ಲು ಕಟಕಟ ಎನ್ನುವುದು ಹಿಂದಿನ ಸಾಲಿಗೂ ಕೇಳಿಸುತ್ತಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಬಿತ್ತು. ಆದರೆ ಕೈಮುಗಿಯಲು ಎಲ್ಲರೂ ಸಾಲಾಗಿ ಬಂದು ನಿಂತಾಗ ಅವನೊಬ್ಬ ಇರಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಏದುಸಿರು ಬಿಡುತ್ತ ಓಡಿಬಂದರು. "ಬೇಗ ಬಾ, ವಸಂತಂಗೆ ಏನೋ ಆಗಿದೆ."

ಗ್ರೀನ್ ರೂಮಿನ ಬೆಂಚಿನ ಮೇಲೆ ಅವನನ್ನು ಕೂರಿಸಿದ್ದರು. ಮುಖದ ಬಣ್ಣವೆಲ್ಲ ಬೆವರಿಗೆ ಇಳಿದಿತ್ತು. ನನ್ನನ್ನು ನೋಡಿದವನೇ ಮಗುವಿನ ಹಾಗೆ, "ಅಕ್ಕಾ, ಕಾಲಿಲ್ಲ ಅಕ್ಕಾ. ಕಾಲೇ ಇಲ್ಲ," ಎಂದ.

ಬೂಟು ಬಿಚ್ಚಿಸಿ, ಕಾಲುಚೀಲ ತೆಗೆದು, ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡೆ. ಮುಟ್ಟಿದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡೆ. ನೂರಾರು ಜನರ ಕಾಲು ಹಿಡಿದು ನೋಡಿದ್ದೇನೆ. ರಕ್ತ ಓಡದ ಕಾಲು ತಣ್ಣಗಿರುತ್ತದೆ, ಹೆದರಿದವರ ಕಾಲು ತಣ್ಣಗಿರುತ್ತದೆ. ಇದು ಆ ಬಗೆಯದ್ದಲ್ಲ. ಫ್ರೀಜರಿನಿಂದ ಆಗಷ್ಟೇ ತೆಗೆದ ಬಟಾಣಿ ಚೀಲವನ್ನು ಹಿಡಿದ ಹಾಗಿತ್ತು. ಹಿಡಿದಷ್ಟು ಹೊತ್ತು ನನ್ನ ಬೆರಳುಗಳು ಜೋಮು ಹಿಡಿಯುತ್ತ ಬಂದವು. ಆದರೆ ಪಾದದ ನಾಡಿ ಚೆನ್ನಾಗಿ ಹೊಡೆದುಕೊಳ್ಳುತ್ತಿತ್ತು, ಬಣ್ಣ ಆರೋಗ್ಯವಂತನದು. ಪಿನ್ನಿನಿಂದ ಚುಚ್ಚಿದರೆ ಅವನಿಗೆ ತಿಳಿಯಲೇ ಇಲ್ಲ. ಕಣಕಾಲಿನ ಮೇಲೆ ಬೆಚ್ಚಗಿನ ಮೈ, ಕೆಳಗೆ ಮಂಜುಗಡ್ಡೆ. ನನಗೇ ಭ್ರಮೆಯೇನೋ ಎಂದು ಗಂಡನಿಗೆ ಮುಟ್ಟಿ ನೋಡಿ ಎಂದೆ. ಮುಟ್ಟಿದವರು "ಅಯ್ಯೋ ದೇವ್ರೇ!" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಅಂಥ ಸೆಕೆಯ ಕೋಣೆಯಲ್ಲಿ!

ಯಾರೋ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡಿದ್ದರು. ಅದು ಬರುವವರೆಗೆ ಕಾಲನ್ನು ಬೆಚ್ಚಗಿಡಬೇಕು. ಕಂಬಳಿ ಕೇಳಿದರೆ ಅಲ್ಲಿ ಯಾರ ಹತ್ತಿರ ಇರುತ್ತದೆ? ರಂಗದಿಂದ ಎತ್ತಿ ತಂದು ಕುರ್ಚಿಯ ಮೇಲೆ ಎಸೆದಿದ್ದ ಶಾಲು ಮಾತ್ರ ಕಣ್ಣಿಗೆ ಬಿತ್ತು. ಅದರ ಮೇಲೆ ಅವನ ಬೂಟಿನ ಗುರುತು ಹಾಗೇ ಇತ್ತು. ನನಗೆ ಮನಸ್ಸಿರಲಿಲ್ಲ. ನಿಜ ಹೇಳುತ್ತೇನೆ, ಸ್ವಲ್ಪವೂ ಮನಸ್ಸಿರಲಿಲ್ಲ. ಅನುಭವಿಸಲಿ ಇನ್ನೊಂದು ಗಳಿಗೆ ಎಂದೇ ಅನ್ನಿಸುತ್ತಿತ್ತು. ಆದರೆ ಡಾಕ್ಟರ ಕೈ ಮನಸ್ಸು ಹೇಳಿದಂತೆ ಕೇಳುವುದಿಲ್ಲ. ಶಾಲನ್ನು ಎಳೆದುಕೊಂಡು ಆ ಪಾದಗಳಿಗೆ ಸುತ್ತಿದೆ.

ಸುತ್ತಿ ಮುಗಿಸುವಷ್ಟರಲ್ಲಿ ಬೆಚ್ಚಗಾಯಿತು. ನಿಧಾನವಾಗಿ ಅಲ್ಲ. ಉಸಿರು ಬಿಟ್ಟಂತೆ, ಸುಮ್ಮನೆ ಬೆಚ್ಚಗಾಯಿತು. ಆ ತೆಳುವಾದ ಶಾಲು ಬೇಸಿಗೆಯ ರಾತ್ರಿಗೂ ಸಾಲದಂಥದ್ದು. ವಸಂತ ಬೆರಳು ಆಡಿಸಿ, "ಬಂತು ಅಕ್ಕಾ, ಬಂತು, ಕಾಲು ಬಂತು," ಎಂದು ಗೊಳೋ ಎಂದು ಅತ್ತ. ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಆಗ ನನಗೂ ಕಣ್ಣು ತುಂಬಿ ಬಂತು. ಪಾಠ ಕಲಿತ, ಇನ್ನು ಮೇಷ್ಟ್ರ ಹೆಸರನ್ನು ತಾನೇ ಹೇಳುತ್ತಾನೆ ಎಂದುಕೊಂಡೆ.

ಆಂಬುಲೆನ್ಸಿನವರು ಬಂದು ಎಲ್ಲ ನೋಡಿ ಏನೂ ಇಲ್ಲ ಎಂದರು. ಬೂಟು ಬಿಗಿ ಇರಬೇಕು, ನೀರು ಕಡಿಮೆ ಕುಡಿದಿರಬೇಕು ಎಂದು ಸಹಿ ಹಾಕಿಸಿಕೊಂಡು ಹೋದರು. ಹೊರಗೆ ಜನ ಇನ್ನೂ ಕೂತಿದ್ದರು, ಸನ್ಮಾನ ಬಾಕಿ ಇತ್ತಲ್ಲ. ವಸಂತ ಮುಖ ತೊಳೆದುಕೊಂಡು ಆ ಬೆಚ್ಚಗಿನ ಕಾಲುಗಳ ಮೇಲೆ ನಡೆದು ರಂಗಕ್ಕೆ ಹೋದ. ಸಂಘದವರು ನಾಟಕಕಾರನಿಗೆ ಹಾರ ಹಾಕಿದರು, ಪೇಟ ತೊಡಿಸಿದರು, ಹೊಸ ಶಾಲು ಹೊದಿಸಿದರು. ನಾನು ಮರೆಯಲ್ಲಿ ಮೇಷ್ಟ್ರ ಶಾಲನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಅವನು ಮೈಕು ಹಿಡಿದ. ಸಂಘಕ್ಕೆ, ಪ್ರಾಯೋಜಕರಿಗೆ, ಮನೆಯವರಿಗೆ, ಲೈಟಿಂಗಿನವರಿಗೆ, ಸಮೋಸಾದವರಿಗೆ ಥ್ಯಾಂಕ್ಸ್ ಹೇಳಿದ. ಒಂದು ಕ್ಷಣ ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದ. ಈಗ ಹೇಳುತ್ತಾನೆ ಎಂದು ಉಸಿರು ಹಿಡಿದೆ.

"ನಮ್ಮ ಡಾಕ್ಟರ್ ಅಕ್ಕಂಗೂ ಥ್ಯಾಂಕ್ಸ್," ಎಂದು ಮೈಕು ಕೊಟ್ಟುಬಿಟ್ಟ.

ಆಮೇಲೆ ಅವನು ಅದೇ ನಾಟಕವನ್ನು ಬೇರೆ ಬೇರೆ ಊರುಗಳಲ್ಲಿ ಆಡಿದ. ಎಲ್ಲ ಕಡೆಯೂ ಅವನದ್ದೇ ಹೆಸರು, ಕಾಲಿಗೆ ಅದೇ ಬೂಟು. ಮತ್ತೆಂದೂ ಏನೂ ಆಗಲಿಲ್ಲವಂತೆ. ನನಗೆ ಫೋನ್ ಮಾಡುವುದನ್ನೂ ಬಿಟ್ಟ. ಆ ದಿನದ ಬಗ್ಗೆ ಕೇಳಿದವರಿಗೆ ಡೀಹೈಡ್ರೇಷನ್ ಎನ್ನುತ್ತಾನೆಂದು ಕೇಳಿದ್ದೇನೆ. ನನ್ನ ಗಂಡ ಕೂಡ ಈಗ, "ಅಷ್ಟೇನೂ ತಣ್ಣಗಿರ್ಲಿಲ್ಲ ಬಿಡೆ," ಎನ್ನುತ್ತಾರೆ. ಅವರು ಹಿಂದೆ ಸರಿದ ಎರಡು ಹೆಜ್ಜೆಯನ್ನು ನಾನು ನೋಡಿದ್ದೇನೆ. ಈ ಒಂದು ವಿಷಯದಲ್ಲೂ ಅವರು ನನ್ನ ಪಕ್ಕ ನಿಲ್ಲಲಿಲ್ಲ.

ನರಗಳ ಸೆಳೆತ, ಮನಸ್ಸಿನ ಒತ್ತಡ, ಪಾತ್ರದಲ್ಲಿ ಮುಳುಗಿದ್ದರಿಂದ ಮೈ ಮಾಡಿದ ಮೋಸ. ನಾನೂ ಎಲ್ಲವನ್ನೂ ಯೋಚಿಸಿದ್ದೇನೆ. ಯಾವುದನ್ನು ಹಿಡಿದರೂ ಆ ಮಂಜುಗಡ್ಡೆಯ ಕಾಲಿನಲ್ಲಿ ಕುಣಿಯುತ್ತಿದ್ದ ನಾಡಿ ಒಪ್ಪುವುದಿಲ್ಲ. ಮೇಷ್ಟ್ರೇ ಬಂದಿದ್ದರು ಎನ್ನೋಣವೆಂದರೆ ಅದು ಇನ್ನೂ ಕಷ್ಟ. ಬಂದವರು ಅವನ ಬಾಯಿಂದ ತಮ್ಮ ಹೆಸರೊಂದನ್ನು ಹೇಳಿಸದೆ ಹೋಗುವುದುಂಟೇ? ತುಳಿದವನನ್ನು ಅಷ್ಟು ಬೇಗ ಕ್ಷಮಿಸುವುದಾದರೆ, ಅದಕ್ಕೆ ನನ್ನ ಕೈಯೇ ಬೇಕಾಗಿತ್ತೇ? ಒಂದು ಮಾತು ನನ್ನನ್ನು ಕೇಳಬಹುದಿತ್ತು.

ಇನ್ನೊಂದು ವಿಷಯ ಉಳಿದಿದೆ. ಅವತ್ತು ಸಂಜೆ ಮನೆಗೆ ಬರುವಾಗ ಕಾರಿನಲ್ಲಿ ನನ್ನ ಬೆರಳುಗಳು ಇನ್ನೂ ಜೋಮು ಹಿಡಿದು ಮಂಜಿನಂತೆ ತಣ್ಣಗೇ ಇದ್ದವು. ಏಸಿ ಆರಿಸಿದೆವು, ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಸಹೋದ್ಯೋಗಿಗಳು ಎಲ್ಲ ಪರೀಕ್ಷೆ ಮಾಡಿದರು, ರಕ್ತ ಸರಿಯಿದೆ, ನರ ಸರಿಯಿದೆ, ನಾಡಿ ಚೆನ್ನಾಗಿದೆ. ಇಂದಿಗೂ ನಾನು ಮುಟ್ಟಿದರೆ ರೋಗಿಗಳು ಬೆಚ್ಚಿ ಬೀಳುತ್ತಾರೆ, ನಾನು ನಕ್ಕು ಸಾರಿ ಕೇಳುತ್ತೇನೆ. ಆ ಶಾಲು ನನ್ನ ಹತ್ತಿರವೇ ಇದೆ. ಒಗೆದರೂ ಬೂಟಿನ ಗುರುತು ಪೂರ್ತಿ ಹೋಗಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ತೆಗೆದು, ಅವನ ಪಾದಗಳಿಗೆ ಸುತ್ತಿದ ಹಾಗೆಯೇ ನನ್ನ ಕೈಗಳಿಗೂ ಸುತ್ತಿಕೊಂಡು ಕೂತು ನೋಡಿದ್ದೇನೆ, ಒಂದು ಸಲವಲ್ಲ. ಬೆಚ್ಚಗಾಗುವುದಿಲ್ಲ.